ಮೂರು ದಿನ, ಎರಡು ರಾತ್ರಿ, ಒಂದು ಮೋಕ್ಷ

ಆ ಕರಪತ್ರ ನಿಮ್ಮ ವಾಟ್ಸ್‌ಆ್ಯಪಿಗೂ ಬಂದಿರುತ್ತದೆ. ಹಿಂದೆ ಮಂಜು ಮುಸುಕಿದ ಬೆಟ್ಟ, ಮುಂದೆ ಕಣ್ಣು ಮುಚ್ಚಿ ಕೂತ ಹೆಣ್ಣುಮಗಳು, ನಡುವೆ ದಪ್ಪಕ್ಷರ: ‘ಕೊಡಗಿನ ಕಾಫಿ ತೋಟದಲ್ಲಿ ಕಾಶ್ಮೀರ ಶೈವ ಶಿಬಿರ. ಮೂರು ದಿನ, ಎರಡು ರಾತ್ರಿಯಲ್ಲಿ ಆತ್ಮಸಾಕ್ಷಾತ್ಕಾರ.’ ಕೆಳಗೆ ಸಣ್ಣಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’. ಜೀವ ಶಿವನಲ್ಲಿ ಒಂದಾದ ಮೇಲೂ ಜಿಎಸ್‌ಟಿ ಮಾತ್ರ ಪ್ರತ್ಯೇಕವಾಗಿಯೇ ಉಳಿಯುವ ಈ ದ್ವೈತಕ್ಕೆ ಕಾಶ್ಮೀರ ಶೈವದ ಮಹಾ ಆಚಾರ್ಯ ಅಭಿನವಗುಪ್ತನ ಬಳಿಯೂ ಉತ್ತರ ಇದ್ದಿರಲಾರದು.

ಕೊಡಗಿಗೆ ಶಿವ ಹೊಸಬನೇನಲ್ಲ. ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ಮಡಿಕೇರಿಯ ಓಂಕಾರೇಶ್ವರನ ಗುಡಿಯನ್ನು 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು ಬ್ರಹ್ಮಹತ್ಯೆಯ ದೋಷ ಕಳೆದುಕೊಳ್ಳಲು ಎಂಬ ಐತಿಹ್ಯವಿದೆ. ಅಂದರೆ ದುಡ್ಡು ಕೊಟ್ಟು ನೆಮ್ಮದಿ ಕೊಳ್ಳುವ ಪದ್ಧತಿ ಈ ಊರಿಗೆ ಹಳೆಯದೇ. ಅರಸನಾದರೋ ಗುಮ್ಮಟದ ಗುಡಿಯೊಂದನ್ನು, ಅದರ ಮುಂದೊಂದು ಕೊಳವನ್ನು ಬಿಟ್ಟು ಹೋದ. ಶಿಬಿರದವರು ಬಿಟ್ಟು ಹೋಗುವುದು ನೀರಿನ ಬಾಟಲಿ.

ಆದರೂ ಕರಪತ್ರ ಬರೆದವನ ಶಾಸ್ತ್ರಜ್ಞಾನಕ್ಕೆ ಕೈ ಮುಗಿಯಬೇಕು. ಮೊದಲ ಸಾಲೇ ‘ನಿಮ್ಮೊಳಗೆ ಏನೋ ಕೊರತೆ ಕಾಡುತ್ತಿದೆಯೇ?’ ಶೈವರು ಇದಕ್ಕೆ ಆಣವ ಮಲ ಎನ್ನುತ್ತಾರೆ, ಜೀವಕ್ಕೆ ಅಂಟಿದ ಮೂರು ಕೊಳೆಗಳಲ್ಲಿ ಮೊದಲನೆಯದು: ತುಂಬಿದ್ದವನು ತನ್ನನ್ನು ಅಪೂರ್ಣನೆಂದು ತಿಳಿಯುವುದು, ಬಂಧನದ ಮೂಲವೇ ಅದು. ಕಳೆಯಬೇಕಾದ ಮಲವನ್ನು ಮೊದಲು ಹಚ್ಚಿ, ಆಮೇಲೆ ತೊಳೆಯುವುದಕ್ಕೆ ಶುಲ್ಕ. ಎರಡನೆಯದು ಮಾಯೀಯ ಮಲ, ಭೇದಬುದ್ಧಿ. ಅದಕ್ಕೆ ಡೀಲಕ್ಸ್ ಕಾಟೇಜು, ಡಾರ್ಮಿಟರಿ ಎಂಬ ಎರಡು ದರ ಇವೆ. ಮೂರನೆಯದು ಕಾರ್ಮ ಮಲ, ಮಾಡಿದ್ದರ ಫಲ ಮುಂದಕ್ಕೂ ಬೆನ್ನು ಹತ್ತಿ ಬರುವುದು. ಅದಕ್ಕೆ ಇಎಂಐ ಸೌಲಭ್ಯವಿದೆ.

ಕೋಣೆಯ ಬಾಗಿಲ ಹಿಂದಿನ ನಿಯಮಗಳ ಪಟ್ಟಿಯಂತೂ ತತ್ತ್ವಶಾಸ್ತ್ರದ ಪಠ್ಯವೇ ಸರಿ. ಸ್ವತಂತ್ರನಾದ ಶಿವ ಐದು ಕಂಚುಕ ತೊಟ್ಟು ಜೀವನಾಗುತ್ತಾನೆ, ಅಂದರೆ ಐದು ಅಂಗಿ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ: ಎಲ್ಲ ಮಾಡಬಲ್ಲವನನ್ನು ಒಂದಿಷ್ಟೇ ಮಾಡಬಲ್ಲವನಾಗಿಸುವ ಕಲಾ. ನೆಟ್‌ವರ್ಕ್ ಗೇಟಿನ ಬಳಿ ಮಾತ್ರ ಸಿಗುತ್ತದೆ: ಎಲ್ಲ ಬಲ್ಲವನ ಅರಿವು ಮೊಟಕಾಗುವ ವಿದ್ಯಾ. ಕಾಲಕ್ಕೆ ಹನ್ನೊಂದು ಗಂಟೆಯ ಚೆಕ್‌ಔಟ್. ನಿಯತಿಗೆ, ಅಂದರೆ ಕಟ್ಟುಪಾಡಿಗೆ, ‘ಪಕ್ಕದ ತೋಟಕ್ಕೆ ಹೋಗಬಾರದು’. ರಾಗಕ್ಕೆ, ಅಂದರೆ ಆಸೆಗೆ, ಬೋರ್ಡು ಬೇಕಿಲ್ಲ, ಸೆಲ್ಫಿ ಪಾಯಿಂಟ್ ಇದೆ. ಸ್ವಾತಂತ್ರ್ಯ ಕೊಳ್ಳಲು ಬಂದವನಿಗೆ ಐದೂ ಅಂಗಿ ತೊಡಿಸಿ ಕಳಿಸುತ್ತಾರೆ.

ಎರಡನೆಯ ದಿನ ಸಂಜೆ ಶಕ್ತಿಪಾತವಂತೆ, ಅಂದರೆ ಶಿವನ ಕೃಪೆ ಮೇಲೆ ಬೀಳುವುದು, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೂರು ದರ್ಜೆಯಲ್ಲಿ. ಅಭಿನವಗುಪ್ತನ ತಂತ್ರಾಲೋಕದಲ್ಲಿ ಇರುವುದು ಒಂಬತ್ತು: ತೀವ್ರ, ಮಧ್ಯ, ಮಂದ, ಒಂದೊಂದರಲ್ಲಿ ಮತ್ತೆ ಮೂರು. ಎಲ್ಲಕ್ಕಿಂತ ಮೇಲಿನ ತೀವ್ರ-ತೀವ್ರ ಬಿದ್ದರೆ ದೇಹವೇ ಉದುರಿ ಮೋಕ್ಷ. ಪ್ಲಾಟಿನಂ ತೆಗೆದುಕೊಳ್ಳುವವರು ನಾಮಿನಿ ಹೆಸರು ಬರೆದುಕೊಟ್ಟು ಬರುವುದು ಒಳ್ಳೆಯದು. ಅದರ ಕೆಳಗಿನ ಮಧ್ಯ-ತೀವ್ರದವನಿಗೆ ಅರಿವು ಒಳಗಿನಿಂದಲೇ ಮೂಡುತ್ತದೆ, ಹೊರಗಿನ ಗುರು ಬೇಡ. ಶಿಬಿರಕ್ಕೆ ಅವನು ನಷ್ಟದ ಬಾಬತ್ತು. ಮೂರನೆಯ ಮಂದ-ತೀವ್ರದವನಿಗೆ ಮಾತ್ರ ಸದ್ಗುರುವಿನ ಬಳಿ ಹೋಗಬೇಕೆಂಬ ಆಸೆ ಹುಟ್ಟುತ್ತದೆ. ಗಿರಾಕಿ ಅವನೇ. ಇನ್ನೊಂದು ತೊಡಕಿದೆ: ಈ ಕೃಪೆ ನಿರಪೇಕ್ಷ. ಜಪ, ತಪ, ಯೋಗ್ಯತೆ ಯಾವುದಕ್ಕೂ ಅದು ಕಾಯುವುದಿಲ್ಲ ಎಂದು ಅಭಿನವಗುಪ್ತ ಪಟ್ಟುಹಿಡಿದು ವಾದಿಸಿದ್ದಾನೆ. ಜಪಕ್ಕೇ ಬಗ್ಗದ್ದು ಫೋನ್‌ಪೇಗೆ ಬಗ್ಗೀತೇ?

ಅಗ್ಗದ ದಾರಿ ಬೇಕಿದ್ದರೆ ಈ ಶೈವರ ಧ್ಯಾನದ ಗ್ರಂಥ ವಿಜ್ಞಾನಭೈರವ ಇದೆ. ಒಟ್ಟು 112 ಧಾರಣೆಗಳು, ಅಂದರೆ ಮನಸ್ಸು ನಿಲ್ಲಿಸುವ ಉಪಾಯಗಳು, ಬಹುಪಾಲು ಬಿಟ್ಟಿ. ಸೀನಿನ ಮೊದಲ ಮತ್ತು ಕೊನೆಯ ಕ್ಷಣ, ಭಯ, ಶೋಕ, ಆಳವಾದ ಕಮರಿಯ ಅಂಚು, ಹಸಿವಿನ ಶುರು, ಇಲ್ಲೆಲ್ಲ ಮನಸ್ಸು ಗಕ್ಕನೆ ನಿಲ್ಲುತ್ತದೆ, ಆ ನಿಲುಗಡೆಯನ್ನು ಹಿಡಿ ಎನ್ನುತ್ತದೆ ಒಂದು ಶ್ಲೋಕ. ಕರಿಮೆಣಸು ಒಣಗಿಸುವ ಕಣದ ಪಕ್ಕ ನಿಂತರೆ ಸೀನಿಗೇನು ಬರವೇ? ಭಯಕ್ಕೆ ಆನೆಗಳಿವೆ. ಸಿದ್ದಾಪುರದ ಕಡೆ ನಸುಕಿನಲ್ಲಿ ತೋಟಕ್ಕೆ ಹೊರಟವರ ಮುಂದೆ ಒಂಟಿ ಸಲಗ ನಿಂತಾಗ ಎಲ್ಲ ವಿಕಲ್ಪಗಳೂ ಕರಗುತ್ತವೆ. ಆಮೇಲೆ ಓಡುವುದೊಂದೇ ಸಾಧನೆ. ಚಲಿಸುವ ಆಸನದಲ್ಲಿ ಕೂತು ಮೈ ಮೆಲ್ಲಗೆ ತೂಗಿದರೂ ಚಿತ್ತ ಶಾಂತವಾಗುತ್ತದೆ ಎಂದು ಇನ್ನೊಂದು ಶ್ಲೋಕ. ಇದನ್ನು ನೆಚ್ಚಿಕೊಂಡು ಮಾಂದಲಪಟ್ಟಿ ಬೆಟ್ಟದ ಕುಲುಕಾಟದ ಜೀಪು ಹತ್ತಬೇಡಿ. ಶ್ಲೋಕದಲ್ಲಿ ‘ಮೆಲ್ಲಗೆ’ ಎಂದಿದೆ.

ಹೀಗೆ ನಗುತ್ತಲೇ ಮುಗಿಸಬಹುದಿತ್ತು, ಮೂರನೆಯ ದಿನದ ಕಾರ್ಯಕ್ರಮ ಕಣ್ಣಿಗೆ ಬೀಳದಿದ್ದರೆ: ‘ಕಾಯಕ ಅನುಭವ’. ಬೆಳಿಗ್ಗೆ ಎರಡು ಗಂಟೆ ಹೊತ್ತು ಶಿಬಿರಾರ್ಥಿಗಳು ಸೊಂಟಕ್ಕೆ ಚೀಲ ಕಟ್ಟಿ ಕಾಫಿ ಕೊಯ್ಯುತ್ತಾರೆ. ದುಡ್ಡು ಕೊಡುವವರು ಅವರೇ. ಕೆಲಸದವರು ಸಿಗುವುದಿಲ್ಲವೆಂದು ಜಿಲ್ಲೆಯ ಬೆಳೆಗಾರರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿರುವಾಗ, ಕೊಯ್ಯುವವನಿಂದಲೇ ಕೂಲಿ ವಸೂಲಿ ಮಾಡಿದ ಈ ಮಹಾನುಭಾವನಿಗೆ ಸಿದ್ಧಿಪುರುಷ ಎನ್ನದೆ ಇನ್ನೇನೆನ್ನೋಣ? ಅರೇಬಿಕಾ ಒಂದೇ ಗೊಂಚಲಿನಲ್ಲಿ ಹಣ್ಣೂ ಕಾಯೂ ಒಟ್ಟಿಗಿರುತ್ತದೆ. ಕೆಂಪಾದದ್ದನ್ನಷ್ಟೇ ಬಿಡಿಸಿ ಉಳಿದದ್ದಕ್ಕೆ ಹತ್ತು ಹದಿನೈದು ದಿನ ಬಿಟ್ಟು ಮತ್ತೆ ಬರಬೇಕು. ಸಾಧಕರು ರೀಲ್ಸ್ ಆಗುವವರೆಗೆ ಒಂದೊಂದೇ ಬಿಡಿಸುತ್ತಾರೆ, ಆಮೇಲೆ ಹಸಿರು ಕಾಯಿ, ಎಲೆ, ತೊಟ್ಟು ಎಲ್ಲವನ್ನೂ ಒಟ್ಟಿಗೆ ಸುಲಿಯುತ್ತಾರೆ. ಹಸಿರು ಕಾಯಿ ಬೆರೆತರೆ ಕಾಫಿಯ ರುಚಿ ಕೆಡುತ್ತದೆ. ಕೊಂಬೆ ಮುರಿದರೆ ಮುಂದಿನ ಫಸಲೂ ಹೋಯಿತು.

ಅದನ್ನೆಲ್ಲ ಮಧ್ಯಾಹ್ನ ಕೂತು ಆರಿಸುವವಳು ತೋಟದ ಕೂಲಿಯವರ ಲೈನ್ ಮನೆಯ ಹೆಂಗಸು. ಕೆ.ಜಿ. ಲೆಕ್ಕದಲ್ಲಿ ಕೊಯ್ದು, ಸಂಜೆ ಮೂಟೆ ಹೊತ್ತು, ತೂಕದ ಮುಂದೆ ಸಾಲು ನಿಲ್ಲುವವಳೂ ಅವಳೇ. ಅವಳದು ಕೂಲಿ, ಇವರದು ಕಾಯಕ! ಹನ್ನೆರಡನೆಯ ಶತಮಾನದಲ್ಲಿ ಗಂಡ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದನೆಂದು, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಬೆವರಿನವರು ಬೆವರಿನಿಂದ ಕಟ್ಟಿದ ಮಾತನ್ನು ಎತ್ತಿಕೊಂಡು ಹೋಗಿ ಮೆನು ಕಾರ್ಡಿನಲ್ಲಿ ಬರೆದಿದ್ದೀರಿ. ಬೇರೆ ಹೆಸರು ಸಿಗಲಿಲ್ಲವೇ? ಪಿಕ್ನಿಕ್ ಎನ್ನಿ, ಯಾರೂ ಕೇಳುವುದಿಲ್ಲ.

ಕಾಶ್ಮೀರ ಶೈವದ ತಿರುಳಾದ ಪ್ರತ್ಯಭಿಜ್ಞಾ ಎಂದರೆ ಗುರುತು ಹಿಡಿಯುವುದು, ಅಷ್ಟೇ. ಈ ಪಂಥದ ಆಚಾರ್ಯ ಉತ್ಪಲದೇವ ತನ್ನ ಕಾರಿಕೆಯ ಕೊನೆಗೆ ಕೊಡುವ ಉಪಮೆ ಇದು: ಹುಡುಗಿಯೊಬ್ಬಳು ಗುಣ ಕೇಳಿಯೇ ಒಬ್ಬನನ್ನು ಮೆಚ್ಚಿದ್ದಾಳೆ, ಅವನು ಎದುರಿಗೇ ನಿಂತಿದ್ದಾನೆ, ಇವನೇ ಅವನು ಎಂದು ಗೊತ್ತಿಲ್ಲದ್ದರಿಂದ ಅವಳಿಗೆ ಸಂತೋಷವಿಲ್ಲ. ನಮ್ಮವರು ಇದನ್ನೇ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದರು. ಶಿಬಿರದವರು ಮಾಡಿದ್ದಿಷ್ಟೇ, ಹುಡುಕುವವರಿಗೆ ಊರು ತೋರಿಸಲು ಜೀಪು ಬಾಡಿಗೆಗೆ ಬಿಟ್ಟರು.

ಕೊನೆಗೊಂದು ಪ್ರಮಾಣಪತ್ರವೂ ಉಂಟು. ‘ಜ್ಞಾನಂ ಬಂಧಃ’ ಎಂಬುದು ಈ ಶೈವರ ಮೂಲಗ್ರಂಥ ಶಿವಸೂತ್ರದ ಎರಡನೆಯ ಸೂತ್ರ, ಅರೆಬರೆ ಅರಿವೇ ಬಂಧನ ಎಂದು. ಅದನ್ನು ಲ್ಯಾಮಿನೇಟ್ ಮಾಡಿಯೇ ಕೊಡುತ್ತಾರೆ, ಇಲ್ಲದಿದ್ದರೆ ಕೊಡಗಿನ ಜೂನ್ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಮಳೆಗಾಲಕ್ಕೆ ರಿಯಾಯಿತಿ ದರವಂತೆ. ಶಿವ ಅವನೇ, ಜಿಗಣೆ ಹೆಚ್ಚು.