ಸೋರಿದ ಗ್ಯಾಸ್ ವ್ಯಾನಿನ ಚಾವಣಿಯಿಂದ ಹೋಗುವುದಿಲ್ಲ: ಒಂದು ಸ್ಪಷ್ಟನೆ

ಪುಣೆಯಿಂದ ಗೋವಾಕ್ಕೆ ಕ್ಯಾಂಪರ್ ವ್ಯಾನಿನಲ್ಲಿ (ಒಳಗೇ ಅಡುಗೆ ಮಾಡಿ ಮಲಗಬಹುದಾದ ವ್ಯಾನು) ಹೊರಡುವ ನಮ್ಮ ಕನ್ನಡದವರ ನಡುವೆ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ: "ಗ್ಯಾಸ್ ಸೋರಿದರೆ ಹೆದರಬೇಡಿ. ಚಾವಣಿಯ ಕಿಂಡಿ ತೆಗೆದು ಫ್ಯಾನ್ ಹಾಕಿ, ಎಲ್ಲ ಮೇಲಿಂದ ಹೋಗುತ್ತೆ." ಇದು ತಪ್ಪು. ದಯವಿಟ್ಟು ಯಾರಿಗೂ ಕಳಿಸಬೇಡಿ.

ಅಡುಗೆ ಗ್ಯಾಸ್ ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಎರಡೂ ಗಾಳಿಗಿಂತ ಭಾರ, ಸುಮಾರು ಒಂದೂವರೆಯಿಂದ ಎರಡು ಪಟ್ಟು. ಅದು ಮೇಲೇರದೆ ನೆಲಕ್ಕಿಳಿದು ಸೀಟಿನ ಕೆಳಗೆ ನಿಲ್ಲುತ್ತದೆ. ಬ್ಯಾಟರಿ, ನೀರಿನ ಪಂಪು ಇರುವುದೂ ಹೆಚ್ಚಾಗಿ ಅಲ್ಲೇ ಅಲ್ವಾ? ಎಷ್ಟೋ ವ್ಯಾನುಗಳಲ್ಲಿ ನಲ್ಲಿ ತಿರುಗಿಸಿದರೆ ಸಾಕು, ಪಂಪು ತಾನೇ ಚಾಲೂ ಆಗುತ್ತದೆ. ಅದರ ಸ್ವಿಚ್ಚಿನ ಒಂದು ಕಿಡಿ ಸಾಕು. ಫ್ಯಾನಿನದ್ದೂ ಅದೇ ಅಪಾಯ.

ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ನಲ್ಲಿ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಪೂರ್ತಿ ತೆಗೆದು ಎಲ್ಲರೂ ದೂರ ಹೋಗಿ. ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.

ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ಒಂದು ತೂತು ಇರಬೇಕು. ನಮ್ಮ ವ್ಯಾನಿನಲ್ಲಿ ಧೂಳು ಬರುತ್ತೆ ಅಂತ ಯಾರೋ ಅದಕ್ಕೆ ಹಳೇ ಬನಿಯನ್ನು ತುರುಕಿದ್ದರು. ಹೊರಡುವ ಮುಂಚೆ ನಿಮ್ಮದನ್ನೂ ಬಗ್ಗಿ ನೋಡಿ.