ಸ್ಪಷ್ಟನೆ: ಹಳೆ ಮ್ಯಾಕ್‌ನಲ್ಲಿ ಫ್ರೀ ಇಂಟರ್ನೆಟ್ ಬರಲ್ಲ

ಪುಣೆಯ ಕನ್ನಡ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಹಳೆ ಮ್ಯಾಕ್‌ಗೆ ಆಪಲ್‌ಟಾಕ್ ಕೇಬಲ್ ಹಾಕಿ, ಮ್ಯಾಕ್‌ಐಪಿ ಆನ್ ಮಾಡಿ. ಬ್ರಾಡ್‌ಬ್ಯಾಂಡ್ ಬೇಡ, ಯಾರೂ ಕದ್ದು ನೋಡೋಕೂ ಆಗಲ್ಲ." ಎರಡೂ ತಪ್ಪು.

ಆಪಲ್‌ಟಾಕ್ ಅಂದರೆ ಹಳೆ ಮ್ಯಾಕ್‌ಗಳು ಒಂದಕ್ಕೊಂದು ಮಾತಾಡಲು ಬಳಸುತ್ತಿದ್ದ ನೆಟ್‌ವರ್ಕ್ ವಿಧಾನ. ಮ್ಯಾಕ್‌ಐಪಿ ಐಪಿ ಪ್ಯಾಕೆಟ್ಟನ್ನು (ಇಂಟರ್ನೆಟ್ ಡೇಟಾದ ತುಣುಕು) ಆಪಲ್‌ಟಾಕ್ ಪ್ಯಾಕೆಟ್ಟಿನೊಳಗೆ ತುಂಬಿ ಗೇಟ್‌ವೇಗೆ, ಅಂದರೆ ಎರಡು ನೆಟ್‌ವರ್ಕ್ ಜೋಡಿಸುವ ಯಂತ್ರಕ್ಕೆ, ಕಳಿಸುತ್ತದೆ, ಅಷ್ಟೇ. ಒಂದರಲ್ಲಿ ಹಿಡಿಸುವುದೇ ಹೆಚ್ಚೆಂದರೆ 586 ಬೈಟ್. ಗೇಟ್‌ವೇ ಅದನ್ನು ಬಿಚ್ಚಿ ಹೊರಗೆ ಬಿಡುತ್ತದೆ. ಅಂದರೆ ಗೇಟ್‌ವೇಗೆ ಇಂಟರ್ನೆಟ್ ಇರಲೇಬೇಕು, ಬಿಲ್ಲೂ ತಪ್ಪಲ್ಲ. ಎನ್‌ಕ್ರಿಪ್ಶನ್ (ಬೇರೆಯವರು ಓದಲಾಗದಂತೆ ಡೇಟಾ ಮರೆಮಾಡುವುದು) ಅಂತೂ ಇದರಲ್ಲಿ ಇಲ್ಲವೇ ಇಲ್ಲ. ಆಪಲ್‌ಟಾಕ್‌ಗೆ ಬಳಸುವ ಹಳೆ ಲೋಕಲ್‌ಟಾಕ್ ಕೇಬಲ್ಲಿನ ವೇಗ ಸೆಕೆಂಡಿಗೆ 230.4 ಕಿಲೋಬಿಟ್; ವಿಡಿಯೊ ಆಸೆ ಬಿಡಿ. 2009ರ ಮ್ಯಾಕ್ ಓಎಸ್ 10.6ರಿಂದ ಆಪಲ್‌ಟಾಕನ್ನೇ ತೆಗೆದಿದ್ದಾರೆ.

ಹವ್ಯಾಸಕ್ಕೆ ಮಾಡಿ ನೋಡಿ, ಮಜಾ ಇದೆ. ಆ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನಂಬಿ ಯಾರಾದರೂ ಸುಮ್ನೆ ಹಳೆ ಮಷೀನ್ ಕೊಂಡಾರು.