‘ಹೋಲ್ಡ್’ ಆದ ಹಣ ಬಿಡಿಸಲು ಡಿಪಾಸಿಟ್ ಕಟ್ಟಬೇಕಿಲ್ಲ: ಒಂದು ಸ್ಪಷ್ಟನೆ

“ಆನ್‌ಲೈನಲ್ಲಿ ಹಳೇ ಸಾಮಾನು ಮಾರಿದರೆ ಹಣ ಹೋಲ್ಡ್ ಆಗುತ್ತದೆ, ಡಿಪಾಸಿಟ್ ಕಟ್ಟಿದರೆ ಎರಡೂ ಸೇರಿ ಬರುತ್ತದೆ” ಎಂಬ ಸಂದೇಶ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಹೋಲ್ಡ್ ಎಂಬ ವ್ಯವಸ್ಥೆ ಇದೆ, ನಿಜ. ಆದರೆ ಹಣ ಮಧ್ಯವರ್ತಿ ಸಂಸ್ಥೆಯ ಮೂಲಕ ಹಾದುಬರುವ ಕಡೆ ಮಾತ್ರ. ಹೊರದೇಶಗಳಲ್ಲಿ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸಂಸ್ಥೆ ಹೊಸ ಮಾರಾಟಗಾರರ ಹಣವನ್ನು 21 ದಿನಗಳವರೆಗೂ ತಡೆಹಿಡಿಯುವುದುಂಟು. ಪಾರ್ಸೆಲ್ ತಲುಪಿದ್ದಕ್ಕೆ ಟ್ರ್ಯಾಕಿಂಗ್ ದಾಖಲೆ ಕೊಟ್ಟರೆ ಬೇಗ ಬಿಡುತ್ತದೆ. ಬಿಡಿಸಲು ಶುಲ್ಕವಿಲ್ಲ.

ಡೊಂಬಿವಲಿಯ ಮನೆಯಿಂದ ಫ್ರಿಜ್ ಕೊಟ್ಟು ಯುಪಿಐನಲ್ಲಿ ಹಣ ಪಡೆಯುವಾಗ ನಡುವೆ ತಡೆಹಿಡಿಯುವವರೇ ಇಲ್ಲ. ಹಣ ಬರಲು ಪಿನ್ ಬೇಡ. ಕೊಳ್ಳುತ್ತೇನೆ ಅನ್ನುವವರು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ವಸ್ತು ನೋಡದೆ, ಚೌಕಾಸಿಯಿಲ್ಲದೆ, “ಸೈನ್ಯದಲ್ಲಿದ್ದೇನೆ, ಅಡ್ವಾನ್ಸ್ ಕಳಿಸುತ್ತೇನೆ” ಅನ್ನುವವರನ್ನು ದಯವಿಟ್ಟು ನಂಬಬೇಡಿ.

ನಿಮ್ಮದೇ ಕ್ಯೂಆರ್ ತೋರಿಸಿ. ಸ್ಕ್ರೀನ್‌ಶಾಟ್, ಎಸ್ಸೆಮ್ಮೆಸ್ ಎರಡನ್ನೂ ನಕಲು ಮಾಡಬಹುದು; ಬ್ಯಾಂಕ್ ಆ್ಯಪ್‌ನಲ್ಲಿ ಜಮೆ ಕಂಡ ಮೇಲೆಯೇ ಸಾಮಾನು ಲಿಫ್ಟ್ ಇಳಿಯಲಿ.

ಈಗಾಗಲೇ ಹಣ ಹೋಗಿದ್ದರೆ ವಹಿವಾಟಿನ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆ ಇಟ್ಟುಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಆಗ ಮಾತ್ರ.